ಒಂದು ಗೇಣು ಎಡಕ್ಕೆ

ಬಂದೂಕು ಹೊಚ್ಚ ಹೊಸದು. ಕಪ್ಪು ನಳಿಗೆ, ಜೇನುಬಣ್ಣದ ಮರದ ಹಿಡಿ, ಭುಜಕ್ಕೆ ಹಾಕಿಕೊಳ್ಳಲು ಚರ್ಮದ ಪಟ್ಟಿ, ಒಟ್ಟಿನಲ್ಲಿ ನೋಡಿದವರು ಒಮ್ಮೆ ಸವರಿ ನೋಡಬೇಕು ಅನ್ನುವಂಥ ಏರ್ ರೈಫಲ್ಲು. ಅದರಲ್ಲಿ ಇದ್ದ ಊನ ಒಂದೇ. ಗುಂಡು ಗುರಿಯಿಂದ ಒಂದು ಗೇಣು ಎಡಕ್ಕೆ ಹೋಗುತ್ತಿತ್ತು.

ದರ್ಜಿಯೋ ಅಡುಗೆಯವನೋ ಈ ಬಂದೂಕು ಕೊಂಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಾಪ, ಹೊಸ ಹವ್ಯಾಸ, ಕಲೀತಾನೆ ಬಿಡಿ ಎಂದು ಸುಮ್ಮನಾಗುತ್ತಿದ್ದರು. ಆದರೆ ಇದನ್ನು ಕೊಂಡವನು ಕನ್ನಡಕದಣ್ಣ. ಬೀದಿಯ ಮೂಲೆಯಲ್ಲಿ ಅವನ ಅಂಗಡಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಎರಡು ದೊಡ್ಡ ಕಣ್ಣು, ಅದರ ಕೆಳಗೆ 'ನಮ್ಮ ಕನ್ನಡಕ, ನಿಮಗೆ ಎಲ್ಲವೂ ಸ್ಪಷ್ಟ' ಎಂಬ ಒಕ್ಕಣೆ. ಅಂಥವನು ವಾರವಾರವೂ ಗುರಿಕಾರರ ಸಂಘಕ್ಕೆ ಹೋಗಿ, ಹಪ್ಪಳದಷ್ಟು ಅಗಲದ ಕಪ್ಪು ವೃತ್ತವನ್ನು ಬಿಟ್ಟು ಪಕ್ಕದ ಬರೀ ಗೋಡೆಗೆ ಹೊಡೆದು ಬರುತ್ತಿದ್ದರೆ ಬೀದಿ ಸುಮ್ಮನಿರುತ್ತದೆಯೇ?

ಸುಮ್ಮನಿರಲಿಲ್ಲ. ಬಸ್ ಡ್ರೈವರೊಬ್ಬ ಕೊಟ್ಟ ಆರ್ಡರನ್ನು ವಾಪಸು ತೆಗೆದುಕೊಂಡು ಪಕ್ಕದ ಬೀದಿಯ ಅಂಗಡಿಗೆ ಹೋದ. ಕಣ್ಣು ಪರೀಕ್ಷೆಗೆ ಬಂದ ಹೆಂಗಸೊಬ್ಬಳು, ಗೋಡೆಯ ಮೇಲಿನ ಅಕ್ಷರಗಳನ್ನು ಓದುವ ಮುಂಚೆ, "ಮೊದಲು ನೀವು ಓದಿ" ಎಂದಳು.

ಕನ್ನಡಕದಣ್ಣ ಕೈಕಟ್ಟಿ ಕೂತಿರಲಿಲ್ಲ. ಬಂದೂಕಿಗೆ ವಾರಂಟಿ ಇತ್ತು. ಮೊದಲ ಸಲ ಕಂಪನಿಗೆ ಕಳಿಸಿದ. ಅವರು ನಳಿಗೆಗೆ ಎಣ್ಣೆ ಹಚ್ಚಿ, ಹಿಡಿಗೆ ಪಾಲಿಶ್ ಕೊಟ್ಟು, ಫಳಫಳ ಹೊಳೆಯುವ ಹಾಗೆ ಮಾಡಿ ಕಳಿಸಿದರು. ಗುಂಡು ಒಂದು ಗೇಣು ಎಡಕ್ಕೆ ಹೋಯಿತು. ಎರಡನೇ ಸಲ ಕಳಿಸಿದಾಗ ಪಟ್ಟಿ ಬದಲಾಯಿಸಿ, ಜೊತೆಗೊಂದು ಕಂಪನಿಯ ಟೋಪಿಯನ್ನು ಉಚಿತವಾಗಿ ಕೊಟ್ಟರು. ಟೋಪಿ ಹಾಕಿಕೊಂಡು ಹೊಡೆದ. ಒಂದು ಗೇಣು ಎಡಕ್ಕೆ ಹೋಯಿತು. ಮೂರನೇ ಸಲ ಬಂದೂಕಿನ ಒಳಗಿದ್ದ ಸ್ಪ್ರಿಂಗನ್ನೇ ಬದಲಾಯಿಸಿದರಂತೆ. ಗುಂಡು ಮೊದಲಿಗಿಂತ ಜೋರಾಗಿ ಎಡಕ್ಕೆ ಹೋಗತೊಡಗಿತು.

"ಬೇರೆಯವರ ಕೈಲಿ ಒಂದ್ಸಲ ಹೊಡೆಸಿ ನೋಡಬಾರ್ದಾ?" ಎಂದು ಹೆಂಡತಿ ಕೇಳಿದ್ದಳು.

ಅಲ್ಲೇ ಇದ್ದದ್ದು ತೊಡಕು. ಒಬ್ಬ ಸದಸ್ಯನ ಬಂದೂಕನ್ನು ಇನ್ನೊಬ್ಬ ಸದಸ್ಯ ಮುಟ್ಟಬಾರದು ಎಂಬುದು ಸಂಘದ ಕಟ್ಟುನಿಟ್ಟಾದ ನಿಯಮ. ಹಿಂದೆ ಯಾರೋ ಯಾರದೋ ಬಂದೂಕು ಮುಟ್ಟಿ ಇಬ್ಬರೂ ಮಾತು ಬಿಟ್ಟಿದ್ದರಂತೆ. ಹೀಗಾಗಿ ದೋಷ ಬಂದೂಕಿನದೋ ಕಣ್ಣಿನದೋ ಎಂದು ತೀರ್ಮಾನವಾಗದೆ, ಬೀದಿಯ ಬಾಯಿಗೆ ಮೇವಾಗಿ ಉಳಿಯಿತು.

ಸಂಘದ ಅಧ್ಯಕ್ಷರು ಬಸ್ ಡಿಪೋದ ಮ್ಯಾನೇಜರು. ಅವರ ಡಿಪೋದ ಅಷ್ಟೂ ಡ್ರೈವರುಗಳಿಗೆ ಕನ್ನಡಕ ಮಾಡಿಸುವ ಕೆಲಸವೊಂದು ಬಂದಿತ್ತು. ಆ ಕೆಲಸ ತನಗೆ ಸಿಕ್ಕೇ ಸಿಗುತ್ತದೆ ಎಂದು ಕನ್ನಡಕದಣ್ಣ ಹೊಸ ಕುರ್ಚಿ ಕೂಡ ತರಿಸಿಟ್ಟಿದ್ದ. ಆದರೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳಿದ್ದರು.

"ನೋಡಿ, ನನಗೇನೂ ಅನುಮಾನ ಇಲ್ಲ. ಆದ್ರೆ ನಮ್ಮ ಡ್ರೈವರುಗಳು ಗಲಾಟೆ ಮಾಡ್ತಿದಾರೆ. ಇವರ ಕನ್ನಡಕ ಹಾಕ್ಕೊಂಡು ಬಸ್ಸು ಒಂದು ಗೇಣು ಎಡಕ್ಕೆ ಹೋದ್ರೆ ಯಾರು ಹೊಣೆ ಅಂತಾರೆ. ಭಾನುವಾರ ನಿಮ್ಮ ಬಂದೂಕು ನೋಡೋಕೆ ಕಂಪನಿಯ ತಜ್ಞರು ಬರ್ತಾರಲ್ಲ, ಎಲ್ಲರ ಎದುರಿಗೇ ಪರೀಕ್ಷೆ ಆಗಲಿ. ದೋಷ ಬಂದೂಕಿನದು ಅಂತ ಗೊತ್ತಾದ್ರೆ ಕೆಲಸ ನಿಮ್ಮದು."

ಇವತ್ತು ಆ ಭಾನುವಾರ.

ಬೆಳಿಗ್ಗೆ ಎದ್ದವನೇ ಕನ್ನಡಕದಣ್ಣ ಅಂಗಡಿಯ ಬಾಗಿಲು ತೆರೆದು, ಬಂದೂಕನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಮಲಗಿಸಿ, ಲೆನ್ಸ್ ಒರೆಸುವ ಮೆತ್ತನೆ ಬಟ್ಟೆಯಿಂದ ಒರೆಸುತ್ತ ಮೆಲ್ಲಗೆ ಅದರ ಜೊತೆ ಮಾತಾಡಿದ.

"ಇಷ್ಟು ದಿನ ನೇರ ಹೋಗು ನೇರ ಹೋಗು ಅಂತ ಕಾಡಿದೆ. ತಪ್ಪಾಯ್ತು. ಇವತ್ತೊಂದು ದಿನ ಎಡಕ್ಕೇ ಹೋಗು ನಮ್ಮಪ್ಪಾ. ಎಷ್ಟು ಬೇಕಾದ್ರೂ ಎಡಕ್ಕೆ ಹೋಗು."

"ಯಾರ ಹತ್ರ ಮಾತು?" ಒಳಗಿನಿಂದ ಹೆಂಡತಿ ಕೇಳಿದಳು. ಮನೆ ಅಂಗಡಿಯ ಹಿಂದೆಯೇ ಇತ್ತು.

"ಯಾರೂ ಇಲ್ಲ."

"ನನ್ನ ಕೇಳಿದ್ರೆ, ಎಡಕ್ಕೆ ಹೋಗುತ್ತೆ ಅಂತ ಗೊತ್ತಲ್ವಾ, ಒಂದು ಗೇಣು ಬಲಕ್ಕೆ ನೋಡಿ ಹೊಡೆದುಬಿಡಿ. ಅಲ್ಲಿಗೆ ಮುಗೀತು. ಇದಕ್ಕೆ ಕಂಪನಿ ಯಾಕೆ, ತಜ್ಞರು ಯಾಕೆ?"

"ನೇರ ನೋಡಿದ್ದು ನೇರ ಹೋಗ್ಬೇಕು! ಅದಕ್ಕೇ ದುಡ್ಡು ಕೊಟ್ಟಿರೋದು!" ಎಂದು ಕನ್ನಡಕದಣ್ಣ ಗುಡುಗಿದ. ಗುಡುಗಿದ್ದೇನೋ ನಿಜ. ಆದರೆ ಹೆಂಡತಿಗೆ ಗೊತ್ತಾಗದಂತೆ ಅವನು ವಾರದಿಂದ ಹಿತ್ತಲಲ್ಲಿ ಹಳೇ ಬಕೆಟ್ಟಿಗೆ ಗುರಿ ಇಟ್ಟು, ಸರಿಯಾಗಿ ಒಂದು ಗೇಣು ಬಲಕ್ಕೆ ನೋಡಿ ಹೊಡೆಯುವುದನ್ನೇ ಅಭ್ಯಾಸ ಮಾಡುತ್ತಿದ್ದ. ಬಕೆಟ್ಟು ಜರಡಿಯಾಗಿತ್ತು.

ಅಷ್ಟರಲ್ಲಿ ಬೀಗದ ಮಾವ ಬಂದ. ಎದುರುಗಡೆ ಬೀಗ ರಿಪೇರಿ ಅಂಗಡಿಯವನು. ಯಾರಿಗೆ ಹೇಗೆ ಮಾವನೋ ತಿಳಿಯದು, ಇಡೀ ಬೀದಿಗೇ ಮಾವ. ತನ್ನ ಅಂಗಡಿಯಲ್ಲಿ ಕೂರುವುದಕ್ಕಿಂತ ಬೇರೆಯವರ ಅಂಗಡಿಯಲ್ಲಿ ಮೂಗು ತೂರಿಸುವುದೇ ಹೆಚ್ಚು.

"ಉಸಿರು ಬಿಗಿ ಹಿಡೀಬೇಕು ಕಣಯ್ಯಾ," ಎಂದು ಕೂರುವ ಮೊದಲೇ ಶುರುಮಾಡಿದ. "ಉಸಿರು ಬಿಟ್ರೆ ಕೈ ಅಲ್ಲಾಡುತ್ತೆ. ಕೈ ಅಲ್ಲಾಡಿದ್ರೆ ಗುಂಡು ಅಲ್ಲಾಡುತ್ತೆ."

"ಮಾವ, ಇವತ್ತು ಗುರಿ ತಪ್ಪಿದ್ರೇ ನನಗೆ ಲಾಭ."

"ಹೌದಾ? ಹಾಗಾದ್ರೆ ಉಸಿರು ಬಿಡು," ಎಂದು ಮಾವ ಸಲೀಸಾಗಿ ಮಾತು ಬದಲಿಸಿದ. "ಇಡೀ ಬೀದಿಗೆ ಹೇಳಿದೀನಿ. ಎಲ್ಲಾರೂ ಬರ್ತಾರೆ ನೋಡೋಕೆ. ಡ್ರೈವರುಗಳಿಗೂ ಹೇಳಿದೀನಿ."

ಡ್ರೈವರುಗಳಿಗೆ ಯಾಕೆ ಹೇಳಿದೆ ಎಂದು ಕೇಳಲು ಕನ್ನಡಕದಣ್ಣ ಬಾಯಿ ತೆರೆದ. ಕೇಳುವುದಕ್ಕೂ ಬಿಡುವಾಗಲಿಲ್ಲ. ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು.

ಟೀಚರಮ್ಮ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಅವರನ್ನು ಕಂಡರೆ ಬೀದಿಯವರೆಲ್ಲ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರ ಮೂಗಿನ ಮೇಲೆ ಕನ್ನಡಕ ಬಲಗಡೆಗೆ ವಾಲಿಕೊಂಡಿತ್ತು. ಬಲಗಣ್ಣು ಚೌಕಟ್ಟಿನ ಮೇಲಿಂದಲೂ ಎಡಗಣ್ಣು ಕೆಳಗಿಂದಲೂ ಇಣುಕುತ್ತಿತ್ತು.

"ಇನ್ನೂ ವಾಲ್ತಾ ಇದೆಯಪ್ಪಾ," ಎಂದರು.

"ಮೊನ್ನೆ ನೋಡಿದ್ನಲ್ಲಮ್ಮ. ಫ್ರೇಮಲ್ಲಿ ದೋಷ ಇಲ್ಲ."

"ಮೊನ್ನೆ ಒರೆಸಿ ಕೊಟ್ಟೆ. ಅದರ ಹಿಂದಿನ ಸಲ ಹೊಸ ಡಬ್ಬಿ ಕೊಟ್ಟೆ. ಡಬ್ಬಿ ಚೆನ್ನಾಗಿದೆ. ಕನ್ನಡಕ ವಾಲುತ್ತೆ. ಒಂದು ವರ್ಷ ವಾರಂಟಿ ಅಂತ ನೀನೇ ಹೇಳಿದ್ದು."

"ಫ್ರೇಮಿಗೆ ವಾರಂಟಿ ಅಮ್ಮ. ಮೂಗಿಗೆ ಹೇಗೆ ಕೊಡೋದು? ನಿಮ್ಮ ಮೂಗೇ ಒಂಚೂರು ಆ ಕಡೆ ಇದೆ. ಹಾಕ್ತಾ ಹಾಕ್ತಾ ಹೊಂದಿಕೊಳ್ಳುತ್ತೆ."

"ಕನ್ನಡಕವೋ, ಮೂಗೋ?"

"ಎರಡೂ," ಎಂದು ಕನ್ನಡಕದಣ್ಣ ಕೈತೊಳೆದುಕೊಂಡ. "ಇವತ್ತು ನನಗೆ ಪುರುಸೊತ್ತಿಲ್ಲಮ್ಮ, ತಪ್ಪು ತಿಳೀಬೇಡಿ. ಕಂಪನಿಯೋರು ಮೂರು ಸಲ ಸತಾಯಿಸಿದಾರೆ. ಇವತ್ತು ಅವರಿಗೆ ನಾಚಿಕೆ ಆಗೋ ಹಾಗೆ ಮಾಡ್ತೀನಿ. ವಾರಂಟಿ ಅಂತ ಕೊಟ್ಟಮೇಲೆ ನಡೆಸಿಕೊಡಬೇಕೋ ಬೇಡವೋ, ನೀವೇ ಹೇಳಿ!"

ಟೀಚರಮ್ಮನ ಕನ್ನಡಕದ ಮೇಲಿಂದ ಒಂದು ಕಣ್ಣು, ಕೆಳಗಿಂದ ಒಂದು ಕಣ್ಣು ಅವನನ್ನೇ ನೋಡಿದವು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬರಲು ಒಳಗೆ ಹೋದ. ಬೀಗದ ಮಾವ ಇನ್ನಷ್ಟು ಜನರನ್ನು ಸೇರಿಸಲು ಹೊರಗೆ ಹೋದ.

ಗುರಿಕಾರರ ಸಂಘ ಎಂದರೆ ಬಸ್ ಡಿಪೋದ ಹಿಂದಿನ ಒಂದು ಹಳೇ ಗೋದಾಮು. ಒಂದು ತುದಿಯಲ್ಲಿ ಗುರಿಹಲಗೆ, ಇನ್ನೊಂದು ತುದಿಯಲ್ಲಿ ಬೆಂಚುಗಳು. ಗುರಿಹಲಗೆಯ ಬಲಕ್ಕೆ, ಒಂದಾಳು ದೂರದಲ್ಲಿ, ಹಿತ್ತಾಳೆಯ ಗಂಟೆಯೊಂದು ತೂಗುತ್ತಿತ್ತು. ಯಾರಾದರೂ ನಟ್ಟನಡುವಿನ ಚುಕ್ಕೆಗೆ ಹೊಡೆದರೆ, ತಗಡಿನ ಮರೆಯ ಹಿಂದೆ ಕೂತ ಗಂಟೆ ತಾತ ಹಗ್ಗ ಎಳೆದು ಅದನ್ನು ಬಾರಿಸುತ್ತಿದ್ದ. ಕನ್ನಡಕದಣ್ಣನ ಸರದಿ ಬಂದರೆ ತಾತ ಹಗ್ಗ ಬಿಟ್ಟು ಒಂದು ಕೋಳಿನಿದ್ದೆ ತೆಗೆಯುವುದು ರೂಢಿಯಾಗಿತ್ತು.

ಇವತ್ತು ಬೆಂಚುಗಳಲ್ಲಿ ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಡಿಪೋ ಮ್ಯಾನೇಜರು, ಅವರ ಹಿಂದೆ ಖಾಕಿ ಬಟ್ಟೆಯ ಡ್ರೈವರುಗಳು, ನಡುವೆ ಜಾಗ ಮಾಡಿಕೊಂಡು ಬೀಗದ ಮಾವ, ಕೊನೆಯ ಸಾಲಿನಲ್ಲಿ ಹೆಂಡತಿ ಮತ್ತು ಟೀಚರಮ್ಮ.

ಕಂಪನಿಯ ತಜ್ಞ ಸಣ್ಣ ಆಳು. ಕೈಯಲ್ಲೊಂದು ಉಕ್ಕಿನ ಪೆಟ್ಟಿಗೆ, ತಲೆ ಮೇಲೆ ಅದೇ ಉಚಿತ ಟೋಪಿ. ಮುಖದಲ್ಲಿ ಮಾತ್ರ ನಗುವಿಗೆ ರಜೆ ಕೊಟ್ಟಂತಿತ್ತು.

"ದೂರು ಏನು?"

"ಒಂದು ಗೇಣು ಎಡಕ್ಕೆ ಹೋಗುತ್ತೆ ಸಾರ್," ಎಂದು ಕನ್ನಡಕದಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ. "ಮೂರು ಸಲ ರಿಪೇರಿ ಮಾಡಿದ್ರಿ. ಮೂರು ಸಲವೂ ಅಷ್ಟೇ. ಇವತ್ತು ನಿಮ್ಮ ಕೈಯಲ್ಲೇ ಹೊಡೆದು ನೋಡಿ. ಈ ಜನವೂ ನೋಡಲಿ."

ತಜ್ಞ ಗುಂಡು ತುಂಬಿದ. ಬಂದೂಕನ್ನು ಭುಜಕ್ಕಿಟ್ಟ. ಕನ್ನಡಕದಣ್ಣ ಕಣ್ಣು ಮುಚ್ಚಿ, ಎಡಕ್ಕೆ, ಎಡಕ್ಕೆ ಎಂದು ಮನಸ್ಸಿನಲ್ಲೇ ಮೊರೆಯಿಟ್ಟ.

ಫಟ್!

ಟಣ್ ಟಣ್ ಟಣ್ ಎಂದು ಗಂಟೆ ಮೊಳಗಿತು. ನಟ್ಟನಡುವಿನ ಚುಕ್ಕೆ!

ತಜ್ಞ ಮತ್ತೆ ಹೊಡೆದ. ಮತ್ತೆ ಗಂಟೆ. ಮೂರನೆಯದು ಮೊದಲನೆಯ ತೂತಿನಲ್ಲೇ ತೂರಿ ಹೋಯಿತು. ತಾತನ ಕೈಗೆ ಅಷ್ಟು ಕೆಲಸ ಬಿದ್ದು ತಿಂಗಳುಗಳೇ ಆಗಿದ್ದವು.

"ಬಂದೂಕು ಸರಿಯಾಗಿದೆ," ಎಂದ ತಜ್ಞ. "ಕಣ್ಣು ತೋರಿಸಿಕೊಳ್ಳಿ. ಹತ್ತಿರದಲ್ಲಿ ಎಲ್ಲಾದ್ರೂ ಒಳ್ಳೆ ಕನ್ನಡಕದ ಅಂಗಡಿ ಇದ್ಯಾ?"

ಡ್ರೈವರುಗಳ ಸಾಲಿನಲ್ಲಿ ನಗೆ ಸ್ಫೋಟಿಸಿತು. ಕನ್ನಡಕದಣ್ಣನ ಮುಖ ಹುಳ್ಳಗಾಯಿತು. ಆದರೆ ತಲೆ ಓಡುತ್ತಿತ್ತು. ಇದರಲ್ಲೇನೋ ಮಸಲತ್ತು ಇದೆ. ಈ ಆಸಾಮಿಗೆ ದೋಷ ಗೊತ್ತು. ಗೊತ್ತಿದ್ದೇ, ಯಾರಿಗೂ ತಿಳಿಯದಂತೆ, ಒಂದು ಗೇಣು ಬಲಕ್ಕೆ ನೋಡಿ ಹೊಡೆದಿದ್ದಾನೆ. ಹಾಗೋ ವಿಷಯ? ಆ ವಿದ್ಯೆ ನನಗೂ ಗೊತ್ತು. ಬಕೆಟ್ಟನ್ನು ಕೇಳು!

"ಕೊಡಿ ಇಲ್ಲಿ," ಎಂದ.

ಉಸಿರು ಬಿಗಿಹಿಡಿದ. ನಟ್ಟನಡುವಿನ ಚುಕ್ಕೆಯಿಂದ ಒಂದು ಗೇಣು ಬಲಕ್ಕೆ ಗೋಡೆಯ ಮೇಲಿದ್ದ ಸುಣ್ಣದ ಕಲೆಯೊಂದಕ್ಕೆ ಗುರಿಯಿಟ್ಟ. ಬದುಕಿನಲ್ಲಿ ಅಷ್ಟು ನಿಗಾ ಇಟ್ಟು ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಟ್ರಿಗರ್ ಎಳೆದ. ಸುಣ್ಣದ ಕಲೆ ಪುಡಿಪುಡಿಯಾಗಿ ಉದುರಿತು.

"ಇವತ್ತು ಬಲಕ್ಕೆ!" ಎಂದು ಒಬ್ಬ ಡ್ರೈವರು ಕೂಗಿದ. "ಬಲಕ್ಕೆ ತಿರುಗಿಸಿದ್ದಾರೆ ಸ್ಟೇರಿಂಗು!"

"ಉಸಿರು ಬಿಡಯ್ಯಾ, ಉಸಿರು ಬಿಡು!" ಎಂದು ಬೀಗದ ಮಾವ ಎದ್ದುನಿಂತು ಅರಚಿದ.

ಕನ್ನಡಕದಣ್ಣನಿಗೆ ತಲೆ ಗಿರ್ರೆಂದಿತು. ಎಡಕ್ಕೆ ಹೋಗಬೇಕಾದ್ದು ನೇರ ಹೋಯಿತು, ನೇರ ಹೋಗಬೇಕಾದ್ದು ಬಲಕ್ಕೆ ಹೋಯಿತು. ಬೆವರಿಗೆ ಕನ್ನಡಕ ಮಂಜಾಯಿತು. ಮತ್ತೊಂದು ಗುಂಡು ತುಂಬಿದ. ಈ ಸಲ ಎಲ್ಲಿ ನೋಡಬೇಕೆಂದೇ ತಿಳಿಯದೆ, ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ನೋಡುತ್ತ ಟ್ರಿಗರ್ ಎಳೆದ.

ಟಣ್!

ಹಿಂದಿನ ಸಾಲಿನಲ್ಲಿ ಹೆಂಡತಿ ಸಂಭ್ರಮದಿಂದ ಚಪ್ಪಾಳೆ ತಟ್ಟಿದಳು. ತಟ್ಟಿದವಳು ಅವಳೊಬ್ಬಳೇ. ಯಾಕೆಂದರೆ ಗಂಟೆ ತಾತ ತಗಡಿನ ಮರೆಯಿಂದ ತಲೆ ಹೊರಗೆ ಹಾಕಿ, "ನಾನು ಬಾರಿಸಲಿಲ್ಲಪ್ಪೋ! ಗುಂಡೇ ಗಂಟೆಗೆ ಬಡೀತು!" ಎಂದು ಕೂಗಿದ.

ಆಮೇಲೆ ಎದ್ದ ನಗೆಗೆ ಗೋದಾಮಿನ ಪಾರಿವಾಳಗಳೆಲ್ಲ ಹಾರಿಹೋದವು. ಡಿಪೋ ಮ್ಯಾನೇಜರು ನಗಲಿಲ್ಲ. ನಿಧಾನವಾಗಿ ಎದ್ದು, ಅಂಗಿ ಜಗ್ಗಿಕೊಂಡು, ಗಂಟಲು ಸರಿಮಾಡಿಕೊಂಡರು. ಆ ಗಂಟಲಿನಿಂದ ಏನು ಹೊರಬರುತ್ತದೆಂದು ಕನ್ನಡಕದಣ್ಣನಿಗೆ ಗೊತ್ತಿತ್ತು. ಹೊಸ ಕುರ್ಚಿ ಕಣ್ಣ ಮುಂದೆ ಬಂತು. ಖಾಲಿ ಕುರ್ಚಿ.

"ಒಂದು ನಿಮಿಷ," ಎಂಬ ಧ್ವನಿ ಕೇಳಿತು.

ಟೀಚರಮ್ಮ ಎದ್ದುನಿಂತಿದ್ದರು. ನಗುತ್ತಿದ್ದ ಡ್ರೈವರುಗಳು ತಮಗೇ ತಿಳಿಯದಂತೆ ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂತರು.

"ಬಂದೂಕು ಇವತ್ತು ಬೆಳಿಗ್ಗೆವರೆಗೂ ಎಡಕ್ಕೇ ಹೊಡೀತಿದ್ದಿರಬೇಕು. ಅದನ್ನ ನಾನೇ ಸರಿ ಮಾಡಿದೆ."

"ನೀವಾ?" ಎಂದು ತಜ್ಞ, ಮ್ಯಾನೇಜರು, ಕನ್ನಡಕದಣ್ಣ ಮೂವರೂ ಒಟ್ಟಿಗೆ ಕೇಳಿದರು.

"ಇವನು ಅಂಗಿ ಹಾಕ್ಕೊಳ್ಳೋಕೆ ಒಳಗೆ ಹೋದ. ಮೇಜಿನ ಮೇಲೆ ಇಕ್ಕಳ ಇತ್ತು. ಇವನಂತೂ ಮಾಡಿಕೊಡಲ್ಲ ಅಂತ ನನ್ನ ಕನ್ನಡಕದ ಕಾಲನ್ನ ನಾನೇ ಬಗ್ಗಿಸಿಕೊಂಡೆ. ಪಕ್ಕದಲ್ಲೇ ಬಂದೂಕು ಮಲಗಿತ್ತು. ಅದರ ತುದೀಲಿ ಒಂದು ಸಣ್ಣ ಕಡ್ಡಿ ಇದೆಯಲ್ಲ, ಗುರಿ ನೋಡೋದು, ಅದೂ ನನ್ನ ಕನ್ನಡಕದ ಹಾಗೇ ಬಲಕ್ಕೆ ವಾಲಿತ್ತು. ಕಣ್ಣೆದುರಿಗೆ ಏನಾದ್ರೂ ವಾಲಿಕೊಂಡಿದ್ರೆ ನನ್ನ ಕೈ ಸುಮ್ಮನಿರಲ್ಲ. ನೆಟ್ಟಗೆ ಮಾಡಿದೆ."

ತಜ್ಞ ಬಂದೂಕಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ಮ್ಯಾನೇಜರು ಬಿರಬಿರನೆ ಗೋಡೆಯವರೆಗೆ ನಡೆದು, ಚುಕ್ಕೆಯಿಂದ ಸುಣ್ಣದ ಕಲೆ ಉದುರಿದ ಜಾಗದವರೆಗೆ ಅಂಗೈ ಚಾಚಿ ಅಳೆದರು.

"ಸರಿಯಾಗಿ ಒಂದು ಗೇಣು!" ಎಂದು ಅಲ್ಲಿಂದಲೇ ಕೂಗಿದರು. "ಎಡಕ್ಕೆ ಹೋಗುತ್ತೆ ಅಂತ ಲೆಕ್ಕ ಹಾಕಿ ಒಂದು ಗೇಣು ಬಲಕ್ಕೆ ನೋಡಿದಾರೆ, ನೋಡಿದ ಜಾಗಕ್ಕೇ ಹೊಡೆದಿದಾರೆ! ಕೂದಲೆಳೆಯಷ್ಟೂ ತಪ್ಪಿಲ್ಲ. ಇವರ ಕಣ್ಣು ಕಣ್ಣಲ್ಲಪ್ಪಾ, ದುರ್ಬೀನು!"

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. "ನಾನು ಮೊದಲೇ ಹೇಳಿದ್ದೆ," ಎಂದು ಬೀಗದ ಮಾವ ಅಕ್ಕಪಕ್ಕದವರಿಗೆಲ್ಲ ಹೇಳಿದ. ಕನ್ನಡಕದಣ್ಣನಿಗೆ ಓಡಿಹೋಗಿ ಟೀಚರಮ್ಮನ ಕಾಲಿಗೆ ಬೀಳಬೇಕೆನಿಸಿತು.

"ಇಕ್ಕಳದ ಗುರುತಿದೆ," ಎಂದ ತಜ್ಞ. "ಹೊರಗಿನವರು ಕೈ ಹಾಕಿದ್ದಾರೆ. ವಾರಂಟಿ ರದ್ದು."

"ರದ್ದಾಗಲಿ ಬಿಡಿ ಸಾರ್!" ಎಂದು ಕನ್ನಡಕದಣ್ಣ ನಕ್ಕ. "ನೇರ ಹೊಡೀತಿದೆಯಲ್ಲ, ನನಗಷ್ಟೇ ಸಾಕು."

"ಹಾಗೆ ಬಿಟ್ಟು ಹೋಗೋಕಾಗಲ್ಲ. ಕಂಪನಿಯ ಮರ್ಯಾದೆ ಪ್ರಶ್ನೆ. ನಮ್ಮ ಬಂದೂಕು ನಮ್ಮ ಅಳತೆಯಲ್ಲೇ ಇರಬೇಕು." ಎನ್ನುತ್ತಲೇ ತಜ್ಞ ಪೆಟ್ಟಿಗೆ ತೆರೆದು ಒಂದು ಉಕ್ಕಿನ ಅಚ್ಚು ತೆಗೆದ. ಅದನ್ನು ನಳಿಗೆಯ ತುದಿಗೆ ಕೂರಿಸಿ, ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ಎಂದು ಎರಡು ಪೆಟ್ಟು ಕೊಟ್ಟ. ಕನ್ನಡಕದಣ್ಣ "ಅಯ್ಯೋ ಬೇಡಿ ಸಾರ್, ಬೇಡಿ!" ಎಂದು ಕೈ ಅಡ್ಡ ತರುವಷ್ಟರಲ್ಲಿ ಕಡ್ಡಿ ಬಲಕ್ಕೆ ವಾಲಿ ಆಗಿತ್ತು. ಮೇಲೆ ಮೊಹರಾಗಿ ಒಂದು ಹನಿ ಕೆಂಪು ಅರಗು ಬಿತ್ತು. ತಜ್ಞ ಒಂದು ಗುಂಡು ಹೊಡೆದು ನೋಡಿದ.

ಒಂದು ಗೇಣು ಎಡಕ್ಕೆ ಹೋಯಿತು.

"ಈಗ ಸರಿಯಾಗಿದೆ," ಎಂದ ತಜ್ಞ ತೃಪ್ತಿಯಿಂದ. "ಇದಕ್ಕೆ ಚಾರ್ಜ್ ಇಲ್ಲ. ಅರಗು ಮಾತ್ರ ಮುಟ್ಟಬೇಡಿ."

ಕನ್ನಡಕದಣ್ಣ ಬಂದೂಕನ್ನು ತಬ್ಬಿಕೊಂಡು ಪಿಳಿಪಿಳಿ ನೋಡುತ್ತ ನಿಂತ. ಡಿಪೋ ಮ್ಯಾನೇಜರು ಬಂದು ಅವನ ಬೆನ್ನು ತಟ್ಟಿದರು.

"ಬಂದೂಕು ಹೋದ್ರೆ ಹೋಗಲಿ ಬಿಡ್ರಿ. ನಿಮ್ಮ ಕಣ್ಣಿನ ಬಗ್ಗೆ ಇನ್ನು ಯಾರೂ ತುಟಿ ಪಿಟಕ್ಕನ್ನಂಗಿಲ್ಲ. ಕನ್ನಡಕದ ಕೆಲಸ ನಿಮ್ಮದೇ. ಏನ್ರಪ್ಪಾ, ಒಪ್ಪಿಗೇನಾ?"

"ಒಪ್ಪಿಗೆ!" ಎಂದರು ಡ್ರೈವರುಗಳು. ಅವರಲ್ಲಿ ವಯಸ್ಸಾದವನೊಬ್ಬ ಮಾತ್ರ ಎದ್ದು, "ವಾರಂಟಿ ಕೊಡ್ತಾರಾ ಸಾರ್? ಬಸ್ಸು ಕುಲುಕಾಟಕ್ಕೆ ಫ್ರೇಮು ಸೊಟ್ಟಗಾಗುತ್ತೆ," ಎಂದು ಕೇಳಿದ.

"ಒಂದು ವರ್ಷ!" ಎಂದ ಕನ್ನಡಕದಣ್ಣ, ಎದೆಯುಬ್ಬಿಸಿ. "ನಾನೇನು ಇವರ ಕಂಪನಿ ಥರ ಅಂದ್ಕೊಂಡ್ರಾ? ಕೊಟ್ಟ ಮಾತು ಕೊಟ್ಟ ಹಾಗೆ ನಡೆಸ್ತೀನಿ!"

"ಹಾಗಾದ್ರೆ ಒಳ್ಳೇದಾಯ್ತು," ಎಂದರು ಟೀಚರಮ್ಮ. ಮುಂದೆ ಬಂದು ತಮ್ಮ ಕನ್ನಡಕ ತೆಗೆದು ಅವನ ಕೈಗಿಟ್ಟರು. "ನಾನು ನೆಟ್ಟಗೇನೋ ಮಾಡಿಕೊಂಡೆ, ಕಿವಿ ಹತ್ರ ಒತ್ತುತ್ತೆ. ಒಂಚೂರು ಸಡಿಲ ಮಾಡಿಕೊಡು. ಇನ್ನೂ ವರ್ಷ ಆಗಿಲ್ಲ."

ಅದು ಅರೆನಿಮಿಷದ ಕೆಲಸ. ಇಡೀ ಗೋದಾಮು ನೋಡುತ್ತಿತ್ತು. ಮ್ಯಾನೇಜರು ಮುಗುಳ್ನಗುತ್ತಿದ್ದರು. ಹೆಂಡತಿ ಹಿಂದಿನ ಸಾಲಿನಿಂದ, ಮಾಡಿಕೊಡಿ, ಮಾಡಿಕೊಡಿ ಎಂದು ಕೈಸನ್ನೆ ಮಾಡುತ್ತಿದ್ದಳು.

ಕನ್ನಡಕದಣ್ಣ ಕನ್ನಡಕವನ್ನು ಕೈಗೆ ತೆಗೆದುಕೊಂಡ. ಕೈ ತನ್ನಷ್ಟಕ್ಕೆ ತಾನೇ, ಅಂಗಡಿಯಲ್ಲಿ ದಿನವೂ ಮಾಡುವಂತೆ, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿತು. ಕಣ್ಣು ದುರ್ಬೀನಿನಂಥದು ತಾನೆ, ಕಾಲಿನ ಬುಡದಲ್ಲಿದ್ದ ಇಕ್ಕಳದ ಹಲ್ಲಿನ ಗುರುತು ಥಟ್ಟನೆ ಕಂಡಿತು. ಇಷ್ಟು ವರ್ಷ ವ್ಯಾಪಾರ ಮಾಡಿದ ನಾಲಿಗೆ, ಅವನನ್ನು ಒಂದು ಮಾತೂ ಕೇಳದೆ, ಹೊರಳಿಯೇ ಬಿಟ್ಟಿತು.

"ಅಮ್ಮಾ, ಇದಕ್ಕೆ ಹೊರಗಿನವರು ಕೈ ಹಾಕಿದ್ದಾರೆ. ವಾರಂಟಿ ನಡೆಯೋದಿಲ್ಲ."

ಮ್ಯಾನೇಜರು ಅವನ ಬೆನ್ನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಜೇಬಿನಲ್ಲಿಟ್ಟುಕೊಂಡರು. ಡ್ರೈವರುಗಳು ಒಬ್ಬೊಬ್ಬರಾಗಿ ಎದ್ದು, ಪಕ್ಕದ ಬೀದಿಯ ಅಂಗಡಿ ಭಾನುವಾರ ತೆರೆದಿರುತ್ತದೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತ ಹೊರಗೆ ನಡೆದರು.

ಕಂಪನಿಯ ತಜ್ಞ ಮಾತ್ರ ಬಾಗಿಲವರೆಗೆ ಹೋದವನು ವಾಪಸು ಬಂದ. ಆ ದಿನ ಮೊದಲ ಸಲ ಅವನ ಮುಖದಲ್ಲಿ ನಗು ಅರಳಿತ್ತು. ಕನ್ನಡಕದಣ್ಣನ ಕೈ ಹಿಡಿದು ಆದರದಿಂದ ಕುಲುಕಿದ.

"ನಮ್ಮ ಕಂಪನಿಯ ರಿಪೇರಿ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ," ಎಂದ. "ನಿಮ್ಮಂಥವರೇ ಬೇಕು."

ತಗಡಿನ ಮರೆಯ ಹಿಂದೆ ಗಂಟೆ ತಾತ ಒಂದು ಗಳಿಗೆ ಯೋಚಿಸಿ, ಹಗ್ಗ ಎಳೆದು, ಟಣ್ ಟಣ್ ಟಣ್ ಎಂದು ಬಾರಿಸಿದ.